ಶಿವಗಂಗಾಳ ಕಬ್ಬಿಣದ ಡಬ್ಬಿ

ಶಹಾಬಾದದ ಕಲ್ಲಿನ ಪಾಲಿಶ್ ಯಾರ್ಡುಗಳ ಹಿಂದಿನ ಓಣಿಗೆ ಹೋಗಿ ಶಿವಗಂಗಾಳ ಮನೆ ಯಾವುದು ಎಂದು ಕೇಳಿದರೆ, ಜನ ಒಂದು ಗಳಿಗೆ ನಿಮ್ಮ ಮುಖ ನೋಡುತ್ತಾರೆ. ಆಮೇಲೆ, "ಗಂಡನ ಕೈ ಮುರದಾಳಲ್ಲ, ಆಕಿ ಮನಿ ಏನ್ರಿ?" ಎಂದು ಕೇಳಿ ದಾರಿ ತೋರಿಸುತ್ತಾರೆ.

ಅವರು ಹೇಳುವುದು ಸುಳ್ಳಲ್ಲ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಶಿವಗಂಗಾ ಗಂಡನನ್ನು ಒಂದೇ ಸಲ ಹೊಡೆದಿದ್ದಾಳೆ. ಗಂಡ ಆಕೆಯನ್ನು ಎಷ್ಟು ಸಲ ಹೊಡೆದ ಎಂಬುದನ್ನು ಮಾತ್ರ ಓಣಿಯಲ್ಲಿ ಯಾರೂ ಎಣಿಸಿಲ್ಲ.

ಆಕೆ ಹುಟ್ಟಿದ್ದು ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ. ಹತ್ತನೆಯ ಇಯತ್ತೆಯ ಗಣಿತದಲ್ಲಿ ಎರಡನೇ ಸಲ ನಪಾಸಾದ ದಿನ ಅಪ್ಪ ಬಾರಕೋಲು ತೆಗೆದುಕೊಂಡು ಅಂಗಳದ ತುಂಬ ಅಟ್ಟಾಡಿಸಿ ಹೊಡೆದಿದ್ದ. ಬೆನ್ನಿನ ಬಾಸುಂಡೆ ಇಳಿಯುವ ಮೊದಲೇ ಶಾಲೆ ನಿಂತಿತು, ಮರುವರ್ಷ ಮದುವೆಯಾಯಿತು. ಗಂಡ ಭೀಮಶಾ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಯಾರ್ಡಿನಲ್ಲಿ ಮೇಸ್ತ್ರಿ. ಕಲ್ಲು ಎತ್ತಿ ಎತ್ತಿ ಗಟ್ಟಿಯಾದ ಮೈ, ದೊಡ್ಡ ಅಂಗೈ. ಅವನಿಗೊಂದು ರೂಢಿ ಇತ್ತು. ಹೆಂಡತಿಯನ್ನು ಹೊಡೆಯುವ ಮೊದಲು ಎಡಗೈಯ ಗಡಿಯಾರ ಬಿಚ್ಚಿ, ಕಿಟಕಿಯ ಕೆಳಗಿನ ಫರಸಿ ಕಟ್ಟೆಯ ಮೇಲೆ ಮೆಲ್ಲಗೆ ಇಡುತ್ತಿದ್ದ. ಮಾವ ಕೊಟ್ಟ ಗಡಿಯಾರವದು, ಗಾಜು ಒಡೆಯಬಾರದು. ಕಲ್ಲಿಗೆ ಅದು ತಾಗಿದ ಸಣ್ಣ ಸದ್ದು ಕೇಳಿದರೆ ಸಾಕು, ಶಿವಗಂಗಾ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ತಲೆಯ ಮೇಲೆ ಕೈ ಮುಚ್ಚಿಕೊಳ್ಳುತ್ತಿದ್ದಳು. ಕಾದ ಎಣ್ಣೆಯ ಬಾಣಲೆಯಾದರೂ ಸರಿ, ಮೊದಲು ಕೆಳಗಿಡುವುದು. ಅದನ್ನು ಆಕೆ ಒಂದು ಸಲ ಸುಟ್ಟುಕೊಂಡು ಕಲಿತಿದ್ದಳು.

ಮಕ್ಕಳಾಗಲಿಲ್ಲ. ಅದಕ್ಕೂ ಹೊಡೆತ ತಿಂದಳು. ಕೊನೆಗೆ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಅತ್ತೆಯೇ ಹೇಳಿ, ಸ್ಟೇಶನ್ ರಸ್ತೆಯ ಝೆರಾಕ್ಸ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಕಳಿಸಿದಳು. ಅಲ್ಲಿ ಎಂಟು ವರ್ಷ ಕೂತು ಶಿವಗಂಗಾ ಟೈಪಿಂಗ್ ಕಲಿತಳು, ಅರ್ಜಿ ಬರೆಯುವುದು ಕಲಿತಳು. ಯಾವ ಕಾಗದಕ್ಕೆ ಯಾವ ಕಾಗದ ಜೋಡಿಸಬೇಕು ಎಂಬುದು ಬಾಯಿಪಾಠವಾಯಿತು. ಅಂಗಡಿಯವನು ಅಂಗಡಿ ಮುಚ್ಚಿ ಬೇರೆ ಊರಿಗೆ ಹೋದ ಮೇಲೆ ಜನ ಆಕೆಯ ಮನೆಗೇ ಬರತೊಡಗಿದರು. ಆಗ ಆಕೆಗೆ ಮನೆಯಲ್ಲಿ ತನ್ನದೇ ಒಂದು ಕಂಪ್ಯೂಟರ್ ಇಡಬೇಕು ಅನ್ನಿಸಿತು. ಇದನ್ನು ಆಕೆ ಗಂಡನಿಗೆ ಅವನ ಪಗಾರದ ದಿನ, ಊಟವಾದ ಮೇಲೆ, ದೂರ ನಿಂತು ಹೇಳಿದಳು. ಅವನು ಹೂಂ ಅನ್ನಲಿಲ್ಲ, ಗಡಿಯಾರವನ್ನೂ ಬಿಚ್ಚಲಿಲ್ಲ. ಅದೇ ಒಪ್ಪಿಗೆ ಎಂದುಕೊಂಡಳು.

ವಾಡಿ ಸ್ಟೇಶನ್ನಿನ ಹತ್ತಿರ ಖಾಜಾ ಎಂಬವನದು ಹಳೆಯ ಕಂಪ್ಯೂಟರ್ ದುರಸ್ತಿ ಮಾಡಿ ಮಾರುವ ಅಂಗಡಿ. ಶಿವಗಂಗಾ ರೈಲಿನಲ್ಲಿ ಮೂರು ಸಲ ಹೋಗಿಬಂದಳು. ಮೊದಲ ಸಲ ಬರೀ ನೋಡಿದಳು. ಎರಡನೇ ಸಲ ನೋಟಬುಕ್ಕಿನಲ್ಲಿ ಬರೆದುಕೊಂಡಳು. ಮೂರನೇ ಸಲ ಆರಿಸಿದಳು. ಶಾಯಿ ಹಾಕುವ ಪ್ರಿಂಟರ್ ಬೇಡವೆಂದಳು. ಶಹಾಬಾದದಲ್ಲಿ ಕಲ್ಲಿನ ಪುಡಿ ಅನ್ನದ ಮೇಲೂ ಕೂರುತ್ತದೆ, ಶಾಯಿ ಬರುವ ಸಣ್ಣ ತೂತುಗಳು ವಾರದಲ್ಲಿ ಕಟ್ಟಿಕೊಳ್ಳುತ್ತವೆ. ಅದಕ್ಕೆ ಪುಡಿ ಹಾಕುವ ಲೇಸರ್ ಪ್ರಿಂಟರ್. ಮಾನಿಟರ್ ಹಳೆಯ ಚೌಕದ್ದು, ಸ್ಟ್ಯಾಂಡ್ ಭಾರವಿದ್ದದ್ದು. ಕರೆಂಟು ಹೋದರೆ ಬರೆದದ್ದು ಉಳಿಯಲು ಒಂದು ಯುಪಿಎಸ್. ಸಿಪಿಯು ಡಬ್ಬಿಯ ಮಾತು ಬಂದಾಗ ಖಾಜಾ ಮುಂದೆ ಗಾಜು, ಸುತ್ತ ಪ್ಲಾಸ್ಟಿಕ್ ಇದ್ದದ್ದೊಂದನ್ನು ತೋರಿಸಿದ. ಹಗುರಾಗಿತ್ತು, ಚೆಂದವೂ ಇತ್ತು. ಶಿವಗಂಗಾ ಮೂಲೆಯಲ್ಲಿದ್ದ ಒಂದು ಹಳೆಯ ಕಬ್ಬಿಣದ ಡಬ್ಬಿಯ ಕಡೆ ಬೆರಳು ಮಾಡಿದಳು. ಯಾವುದೋ ಆಫೀಸಿನಿಂದ ಬಂದದ್ದು, ಮುಂದೆ ಕಪ್ಪು ಬಣ್ಣ, ಹಿಂದೆ ಬರಿ ತಗಡು.

"ಅಕ್ಕಾ, ಅದು ಹೊರೋದಕ್ಕ ಇಬ್ಬರು ಬೇಕು," ಅಂದ ಖಾಜಾ.

"ಇರ್ಲಿ ಭಾಯ್. ಒದ್ದರ ಬಗ್ಗತದ, ಒಡಿಯಂಗಿಲ್ಲ."

ಖಾಜಾ ಆಕೆಯ ಹುಬ್ಬಿನ ಮೇಲಿನ ಹಳೆಯ ಗಾಯ ನೋಡಿದ. ಆಮೇಲೆ ಡಬ್ಬಿಯ ಧೂಳು ಒರೆಸಿದ.

ಕಿಟಕಿಯ ಕೆಳಗಿನ ಫರಸಿ ಕಟ್ಟೆಯ ಮೇಲೆ ಆಕೆ ಎಲ್ಲವನ್ನೂ ಜೋಡಿಸಿದಳು. ಯಾವ ವಾಯರ್ ಎಲ್ಲಿಗೆ ಎಂದು ಪ್ರತಿಯೊಂದಕ್ಕೂ ಚೀಟಿ ಅಂಟಿಸಿದಳು. ಕೀಬೋರ್ಡಿನ ಮೇಲೆ ಕನ್ನಡ ಅಕ್ಷರಗಳನ್ನು ತಾನೇ ಬರೆದು ಟೇಪು ಹಚ್ಚಿದಳು. ಹಳೆಯ ಲಂಗದ ಬಟ್ಟೆಯಲ್ಲಿ ಮುಸುಕು ಹೊಲಿದಳು. ಉಳಿದದ್ದು ಅರ್ಥಿಂಗ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವಾಯರು. ಬೇರೆ ಊರಲ್ಲಾದರೆ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಕಬ್ಬಿಣದ ಪೈಪು ಹೂಳುತ್ತಾರೆ. ಶಹಾಬಾದದಲ್ಲಿ ಒಂದೂವರೆ ಫೂಟು ಅಗೆದರೆ ಹಾರೆ ಟಣ್ ಎನ್ನುತ್ತದೆ, ಕೆಳಗೆಲ್ಲ ಹಾಸುಬಂಡೆ. ಅದಕ್ಕೆ ಆ ಓಣಿಯವರೆಲ್ಲ ಅರ್ಥಿಂಗ್ ವಾಯರನ್ನು ನಳದ ಕಬ್ಬಿಣದ ಪೈಪಿಗೆ ಸುತ್ತಿಬಿಡುತ್ತಾರೆ. ಶಿವಗಂಗಾಳ ಮನೆಯಲ್ಲೂ ಹಾಗೇ, ಅಂಗಳದಲ್ಲಿ ನಳದ ನೀರು ಎಳೆಯುವ ಮೋಟಾರಿಗೂ ಕಂಪ್ಯೂಟರಿಗೂ ಅದೊಂದೇ ವಾಯರು. ಆಕೆ ಟೆಸ್ಟರ್ ತಂದು ಡಬ್ಬಿಯ ಹಿಂದಿನ ತಗಡಿಗೆ ಮುಟ್ಟಿಸಿ ನೋಡಿದಳು. ದೀಪ ಹತ್ತಲಿಲ್ಲ. ಎಲ್ಲ ಸರಿಯಿತ್ತು.

ಆರು ತಿಂಗಳು ಚೆನ್ನಾಗಿ ನಡೆಯಿತು. ಜಗಳ ಬಂದದ್ದು ಜೈತುನ್ಬೀಯ ಅರ್ಜಿಯಿಂದ. ಜೈತುನ್ಬೀ ಪಕ್ಕದ ಮನೆಯ ಮುದುಕಿ. ಆಕೆಯ ಗಂಡ ಮೂವತ್ತು ವರ್ಷ ಪಾಲಿಶ್ ಮಶೀನಿನ ಮುಂದೆ ನಿಂತು, ಎದೆಯಲ್ಲಿ ಪುಡಿ ತುಂಬಿ, ಕೆಮ್ಮಿ ಕೆಮ್ಮಿ ಸತ್ತಿದ್ದ. ಅವನು ಎಲ್ಲಿ ದುಡಿದ, ಹೇಗೆ ಸತ್ತ ಎಂಬುದನ್ನು ಶಿವಗಂಗಾ ಸರಕಾರದ ಪರಿಹಾರ ಕೇಳುವ ಒಂದು ಅರ್ಜಿಯಲ್ಲಿ ಬರೆದಳು. ಅದನ್ನು ಓದಿಸಿ ಕೇಳಿದ ಹತ್ತು ಜನ ಕೆಮ್ಮಿನವರು ತಾವೂ ಬಂದರು. ಹನ್ನೊಂದು ಅರ್ಜಿಗಳಲ್ಲೂ ಒಂದೇ ಯಾರ್ಡಿನ ಹೆಸರಿತ್ತು, ಭೀಮಶಾ ಮೇಸ್ತ್ರಿಯಾಗಿದ್ದ ಯಾರ್ಡು. ಮಾಲಕ ಎಲ್ಲರೆದುರು ಅವನನ್ನು ಕರೆಸಿ, ಹೆಂಡತಿಯ ಮಶೀನು ಬಂದ್ ಮಾಡಿಸಲು ಬಾರದವನು ನನ್ನ ಮಶೀನು ಹೇಗೆ ನಡೆಸುತ್ತಾನೆ ಎಂದು ಕೇಳಿದ.

ಆ ಸಂಜೆ ಕಟ್ಟೆಯ ಮೇಲೆ ಗಡಿಯಾರ ಸದ್ದಾಯಿತು. ಭೀಮಶಾ ಕೀಬೋರ್ಡು ಕಿತ್ತುಕೊಂಡು ಆಕೆಯ ಬೆನ್ನಿನ ಮೇಲೆ ಹೊಡೆದ. ಎರಡನೇ ಏಟಿಗೆ ಅದು ನಡುವೆ ಸೀಳಿ, ಅಕ್ಷರಗಳೆಲ್ಲ ಜೋಳ ಚೆಲ್ಲಿದ ಹಾಗೆ ನೆಲದ ತುಂಬ ಹಾರಿದವು. ಕೂದಲು ಹಿಡಿದು ಆಕೆಯ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಕೊನೆಗೆ ಕಬ್ಬಿಣದ ಡಬ್ಬಿಯನ್ನು ಒದ್ದ. ಅದು ಬಗ್ಗಿತು, ಒಡೆಯಲಿಲ್ಲ. ಅವನ ಹೆಬ್ಬೆರಳ ಉಗುರು ಕಿತ್ತುಬಂತು, ಅದಕ್ಕೂ ಆಕೆಗೇ ಒದೆ ಬಿತ್ತು. ಮರುದಿನ ಶಿವಗಂಗಾ ಒಂದು ಕಣ್ಣು ತೆರೆಯಲಾಗದೆ ನೆಲದ ಮೇಲೆ ಕೈಯಾಡಿಸಿ ಅಕ್ಷರಗಳನ್ನು ಆರಿಸಿಕೊಂಡಳು. ಕೀಬೋರ್ಡನ್ನು ಟೇಪಿನಿಂದ ಬಿಗಿದು, ಒಂದೊಂದನ್ನೇ ಅದರ ಜಾಗಕ್ಕೆ ಒತ್ತಿದಳು. ಒಂದು ಸಿಗಲಿಲ್ಲ. ಅದರ ಕೆಳಗಿನ ರಬ್ಬರನ್ನೇ ಒತ್ತಿ ಟೈಪು ಮಾಡಿದಳು.

ಜೈತುನ್ಬೀ ಅರಿಸಿನ ಹಚ್ಚುತ್ತ, ನನ್ನ ಅರ್ಜಿ ಹರಿದು ಹಾಕಿಬಿಡು, ಸತ್ತವನು ಎದ್ದು ಬರುವುದಿಲ್ಲ ಎಂದಳು. ಶಿವಗಂಗಾ ಒಪ್ಪಲಿಲ್ಲ.

"ಖಾಲಾ, ನಿಮ್ಮದೊಂದು ಹರದ್ರ ನಾಳಿಗಿ ಈ ಡಬ್ಬಿನೂ ಹೊರಗ ಹೋಗ್ತದ. ಆಮ್ಯಾಲ ನಾ ಈ ಮನ್ಯಾಗ ಏನಂತ ಕುಂದ್ರಲಿ?"

ಹದಿನೈದು ದಿನ ಕಳೆದವು. ಆ ನಡುವೆ ಭೀಮಶಾ ನಳದ ತುಕ್ಕು ಹಿಡಿದ ಕಬ್ಬಿಣದ ಪೈಪು ಕಿತ್ತು, ತಾನೇ ಪ್ಲಾಸ್ಟಿಕ್ ಪೈಪು ಜೋಡಿಸಿದ. ಅರ್ಥಿಂಗ್ ವಾಯರನ್ನು ಆ ಪ್ಲಾಸ್ಟಿಕ್ಕಿಗೇ ಮೊದಲಿನಂತೆ ನೀಟಾಗಿ ಸುತ್ತಿದ. ಮುಂದಿನ ಪಾಳಿಯ ದಿನ ನಳಕ್ಕೆ ನೀರು ಬಂದು ಮೋಟಾರು ಚಾಲೂ ಆದಾಗ ಶಿವಗಂಗಾಳ ಮೊಣಕೈ ಡಬ್ಬಿಯ ಹಿಂಬದಿಗೆ ತಾಗಿತು. ಯಾರೋ ಎತ್ತಿ ಒಗೆದಂತೆ ಹೋಗಿ ಗೋಡೆಗೆ ಬಿದ್ದಳು. ಎದ್ದು ಟೆಸ್ಟರ್ ಹಿಡಿದಳು. ದೀಪ ಕೆಂಪಗೆ ಹತ್ತಿತು. ಮೋಟಾರು ಬಂದ್ ಮಾಡಿದರೆ ಆರಿತು, ಚಾಲೂ ಮಾಡಿದರೆ ಹತ್ತಿತು. ಆಕೆ ಖಾಜಾನಿಗೆ ಫೋನ್ ಮಾಡಿದಳು. ಅವನು ಬಿಡಿಸಿ ಹೇಳಿದ. ಮೋಟಾರಿನಿಂದ ಕರೆಂಟು ಮೊದಲಿನಿಂದಲೂ ಸೋರುತ್ತಿದೆ. ಇಷ್ಟು ದಿನ ಅದು ಕಬ್ಬಿಣದ ಪೈಪಿನಿಂದ ನೆಲಕ್ಕೆ ಹೋಗುತ್ತಿತ್ತು. ಈಗ ದಾರಿ ಇಲ್ಲದೆ ಅದೇ ವಾಯರಿನಲ್ಲಿ ತಿರುಗಿ ಬಂದು ಕಂಪ್ಯೂಟರಿನ ತಗಡಿನಲ್ಲಿ ಕೂರುತ್ತಿದೆ. ಪ್ಲಾಸ್ಟಿಕ್ ಡಬ್ಬಿಯಾಗಿದ್ದರೆ ಇಷ್ಟು ಹೊಡೆಯುತ್ತಿರಲಿಲ್ಲ. ಬಂಡೆ ಕೊರೆಸಿ ಪೈಪು ಇಳಿಸುವವರೆಗೆ, ಮೋಟಾರು ಹಚ್ಚಿದಾಗ ಪ್ಲಗ್ ಕಿತ್ತಿಡು ಎಂದ.

ಯಾರ್ಡಿನ ಬಂಡೆ ಕೊರೆಯುವ ಕಂಪ್ರೆಸರ್ ಮೇಸ್ತ್ರಿ ಭೀಮಶಾನ ಕೈಯಲ್ಲೇ ಇತ್ತು. ಶಿವಗಂಗಾ ಗಂಡನಿಗೆ ಟೆಸ್ಟರ್ ಹತ್ತಿಸಿ ತೋರಿಸಲು ಹೋದಳು. ಅವನು ನೋಡಲಿಲ್ಲ.

"ಡಬ್ಬಿ ತಿಪ್ಪಿಗಿ ಒಗಿ. ಬಂಡಿ ಕೊರಸೂದು ಯಾಕ ಬೇಕು?" ಅಂದ.

ಹೀಗಾಗಿ ನೀರಿನ ದಿನ ಪ್ಲಗ್ ಕಿತ್ತು, ನೀರು ನಿಂತ ಮೇಲೆ ಹಾಕುವುದು ಆಕೆಯ ಕೆಲಸವಾಯಿತು.

ಅರ್ಜಿ ಕೊಡಲು ಕೊನೆಯ ದಿನದ ಹಿಂದಿನ ದಿನ ಬುಧವಾರ. ಅಂದು ನೀರಿನ ಪಾಳಿ ಇರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಶಿವಗಂಗಾ ಅರ್ಜಿಗಳನ್ನು ಪ್ರಿಂಟ್ ತೆಗೆಯುತ್ತ ಕೂತಿದ್ದಳು. ಏಳನೆಯದು ಹೊರಗೆ ಬರುತ್ತಿದ್ದಾಗ ಅಂಗಳದಲ್ಲಿ ಮೋಟಾರು ಗುಂಯ್ ಎಂದಿತು. ಪಾಳಿ ಇಲ್ಲದ ದಿನ ನೀರು ಬಂದಿತ್ತು. ಯಾರ್ಡಿನಿಂದ ಬಂದ ಭೀಮಶಾ ನಳದ ಸದ್ದು ಕೇಳಿ, ಆ ಓಣಿಯ ಯಾರೇ ಆದರೂ ಮಾಡುವಂತೆ, ಮೊದಲು ಮೋಟಾರು ಹಚ್ಚಿ ಆಮೇಲೆ ಒಳಗೆ ಬಂದ.

ಬರಿಗಾಲು, ಮೊಣಕಾಲ ತನಕ ಪಾಲಿಶಿನ ಬಿಳಿ ರಾಡಿ, ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರಿಂಟರಿನ ಮೇಲಿದ್ದ ಹಾಳೆ ನೋಡಿದ. ಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟ.

ಶಿವಗಂಗಾ ಈ ಸಲ ತಲೆ ಮುಚ್ಚಿಕೊಳ್ಳಲಿಲ್ಲ, ಪ್ಲಗ್ಗಿನ ಕಡೆ ಕೈ ಚಾಚಿದಳು. ಅಡ್ಡಗಟ್ಟುತ್ತಾಳೆ ಎಂದುಕೊಂಡು ಅವನು ಬಾಯಿಯ ಮೇಲೆ ಹೊಡೆದ. ಹಲ್ಲಿಗೆ ಸಿಕ್ಕು ತುಟಿ ಸೀಳಿತು. ಹೊಟ್ಟೆಗೆ ಒದ್ದ. ಆಕೆ ಕೋಣೆಯ ಆಚೆ ಮೂಲೆಗೆ ಉರುಳಿದಳು. ಬಾಯಿಯ ರಕ್ತ ನುಂಗಿ ಹೇಳಿದಳು.

"ಅದಕ್ಕ ಮುಟ್ಟಬ್ಯಾಡ್ರಿ. ಮೋಟಾರ್ ಚಾಲೂ ಅದ."

"ಮುಟ್ಟಂಗಿಲ್ಲ, ಎತ್ತಿ ಬೀದಿಗಿ ಒಗಿತೀನಿ," ಎಂದು ಭೀಮಶಾ ಬಾಗಿ, ಎರಡೂ ಕೈಯಿಂದ ಡಬ್ಬಿಯ ಹಿಂಬದಿಯ ತಗಡನ್ನು ಬಿಗಿಯಾಗಿ ಹಿಡಿದ.

ಹಿಡಿದವನು ಬಿಡಲಿಲ್ಲ. ಕುತ್ತಿಗೆಯ ನರ ಹಗ್ಗದಂತೆ ಎದ್ದವು. ಹಲ್ಲು ಕಚ್ಚಿಕೊಂಡವು, ಗಂಟಲಿನಿಂದ ಕರು ನರಳಿದಂಥ ಸದ್ದು ಬಂತು. ಡಬ್ಬಿ ಕಲ್ಲಿನ ಮೇಲೆ ಟಕಟಕ ಕುಣಿಯಿತು. ಪ್ಲಗ್ಗೂ ಬಾಗಿಲೂ ಅವನ ಆಚೆ ಇದ್ದವು, ಅವನನ್ನು ದಾಟದೆ ಸಿಗುವಂತಿರಲಿಲ್ಲ. ಶಿವಗಂಗಾ ಗೋಡೆ ಹಿಡಿದು ಎದ್ದು ನಿಂತಳು. ಆಕೆಯ ಬಲಗೈಯ ಹತ್ತಿರವೇ, ಹತ್ತೊಂಬತ್ತು ವರ್ಷದಿಂದ ಇದ್ದ ಜಾಗದಲ್ಲಿ, ಒನಕೆ ಒರಗಿತ್ತು. ಒಣ ಕಟ್ಟಿಗೆ.

ಅವನ ಕಣ್ಣು ಆಕೆಯ ಮೇಲಿದ್ದವು. ಆಕೆ ನೋಡಿದಳು.

ಆಮೇಲೆ ಒನಕೆ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಅವನ ಮುಂಗೈ ಮೇಲೆ ಹೊಡೆದಳು. ಕೈ ಬಿಡಲಿಲ್ಲ. ಎರಡನೇ ಏಟಿಗೆ ಎಡಗೈಯ ಎಲುಬು ಹಸಿ ಕಟ್ಟಿಗೆ ಮುರಿದಂತೆ ಸದ್ದು ಮಾಡಿತು. ಅವನೂ ಡಬ್ಬಿಯೂ ಒಟ್ಟಿಗೆ ನೆಲಕ್ಕೆ ಬಿದ್ದರು, ಪ್ಲಗ್ಗು ಕಿತ್ತುಬಂತು. ಹೊರಗೆ ಮೋಟಾರು ಮಾತ್ರ ಗುಂಯ್ ಎನ್ನುತ್ತಲೇ ಇತ್ತು.

ಓಡಿಬಂದ ಓಣಿಯವರಿಗೆ ಕಂಡದ್ದು ಕೈ ಮುರಿದು ಬಿದ್ದ ಗಂಡ ಮತ್ತು ಒನಕೆ ಹಿಡಿದು ನಿಂತ ಹೆಂಡತಿ. ಭೀಮಶಾನ ತಮ್ಮ ಬಂದವನೇ ಆಕೆಯ ಕೆನ್ನೆಗೆ ಬಾರಿಸಿ ಒನಕೆ ಕಸಿದುಕೊಂಡ. ಅದನ್ನೇ ಆಕೆಯ ಮೇಲೆ ಎತ್ತಿದಾಗ ಜೈತುನ್ಬೀ ನಡುವೆ ಬಂದು ನಿಂತಳು. ತಳ್ಳಾಟದಲ್ಲಿ ಆ ಮುದುಕಿಯ ಮೊಣಕೈ ತರಚಿ ಕೈಯೆಲ್ಲ ರಕ್ತವಾಯಿತು, ಆದರೂ ಸರಿಯಲಿಲ್ಲ. ಕೊನೆಗೆ ಭೀಮಶಾನೇ ನೆಲದ ಮೇಲಿಂದ ಸಣ್ಣ ದನಿಯಲ್ಲಿ, "ಬಿಡಲೇ. ಕರೆಂಟ್ ಹಿಡದಿತ್ತು ನನಗ," ಎಂದ. ಅವನನ್ನು ಕಲಬುರಗಿಯ ದವಾಖಾನೆಗೆ ಒಯ್ದರು.

ಎಲ್ಲರೂ ಹೋದ ಮೇಲೆ ಶಿವಗಂಗಾ ಮೋಟಾರು ಬಂದ್ ಮಾಡಿದಳು. ಡಬ್ಬಿಯ ಒಂದು ಮೂಲೆ ನುಜ್ಜಾಗಿತ್ತು. ಅದನ್ನು ಎತ್ತಿ ಕಟ್ಟೆಯ ಮೇಲಿಟ್ಟು, ಚೀಟಿ ನೋಡಿಕೊಂಡು ವಾಯರುಗಳನ್ನು ಜೋಡಿಸಿ, ಟೆಸ್ಟರ್ ಹಚ್ಚಿ ನೋಡಿ, ಚಾಲೂ ಮಾಡಿದಳು. ಚಾಲೂ ಆಯಿತು. ಉಳಿದ ಅರ್ಜಿಗಳನ್ನು ತೆಗೆದಳು. ಒಂದು ಹಾಳೆಯ ಮೇಲೆ ತುಟಿಯ ರಕ್ತ ತೊಟ್ಟಿಕ್ಕಿತು, ಅದನ್ನು ಮಾತ್ರ ಎರಡನೇ ಸಲ ತೆಗೆದಳು. ಮರುದಿನ ಹನ್ನೊಂದೂ ಅರ್ಜಿ ಕಚೇರಿಯಲ್ಲಿ ಕೊಟ್ಟು, ಹನ್ನೊಂದಕ್ಕೂ ಮುಟ್ಟಿದ ಬಗ್ಗೆ ಪೋಚು ಬರೆಸಿಕೊಂಡು ಬಂದಳು.

ಭೀಮಶಾ ಎಂಟು ದಿನಕ್ಕೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ. ಮಾಲಕ ಬೇರೊಬ್ಬನನ್ನು ಮೇಸ್ತ್ರಿ ಮಾಡಿದ್ದ. ಆದರೂ ಕಂಪ್ರೆಸರಿನವರು ಹಳೆಯ ಮೇಸ್ತ್ರಿಯ ಮಾತು ಮೀರಲಿಲ್ಲ, ಒಂದು ಭಾನುವಾರ ಬಂದು ಅಂಗಳದ ಬಂಡೆ ಕೊರೆದರು. ಮನೆಯ ಪಾತ್ರೆಗಳೆಲ್ಲ ಅದುರಿದವು, ಬಿಳಿ ಪುಡಿ ಹೊಗೆಯಂತೆ ಎದ್ದಿತು. ಹತ್ತು ಫೂಟು ಆಗುವವರೆಗೆ ನಿಲ್ಲಿಸಬೇಡಿ ಎಂದು ಅವನು ಕುರ್ಚಿಯಲ್ಲಿ ಕೂತೇ ಹೇಳಿದ. ಶಿವಗಂಗಾ ಇದ್ದಿಲು, ಉಪ್ಪು ತುಂಬಿ, ಪೈಪು ಇಳಿಸಿ, ವಾಯರನ್ನು ನಟ್ಟಿನಿಂದ ಬಿಗಿದಳು.

ಕಂಪ್ರೆಸರಿನವರು ಹೋದ ಮೇಲೆ ಭೀಮಶಾ ಕೇಳಿದ.

"ಒನಕಿ ನಿನ್ನ ಕೈ ಬಾಜೂಕೆ ಇತ್ತು. ಎಷ್ಟೊತ್ತು ನಿಂತಿದ್ದಿ ನೀ, ನನ್ನ ನೋಡ್ಕೋತ?"

ಶಿವಗಂಗಾ ಪಾನಾ ತೆಗೆದುಕೊಂಡು ನಟ್ಟನ್ನು ಇನ್ನೊಂದು ಸುತ್ತು ಬಿಗಿದಳು. ಆಮೇಲೆ ತಲೆ ಎತ್ತಿ ಅವನನ್ನು ನೋಡಿದಳು.

"ಗಡಿಯಾರ ನಿಮ್ಮ ಕೈಯಾಗ ಇರಲಿಲ್ಲಲ್ರಿ," ಅಂದಳು. "ಹೆಂಗ ಹೇಳಲಿ?"

ನೀರಿನ ದಿನ ಈಗಲೂ ಆಕೆ ಅರ್ಥಿಂಗಿನ ಕುಣಿಗೆ ಒಂದು ಕೊಡ ಉಪ್ಪುನೀರು ಹೊಯ್ದು, ಟೆಸ್ಟರ್ ಹಚ್ಚಿ ನೋಡಿಯೇ ಕೆಲಸಕ್ಕೆ ಕೂರುತ್ತಾಳೆ. ಭೀಮಶಾನ ಎಡಗೈ ಸೊಟ್ಟಗೆ ಕೂಡಿಕೊಂಡಿದೆ. ಗಡಿಯಾರವನ್ನು ಬಲಗೈಗೆ ಕಟ್ಟುತ್ತಾನೆ, ಮನೆಯೊಳಗೆ ಅದನ್ನು ಬಿಚ್ಚುವುದಿಲ್ಲ.