ಠಣ್ ಎಂದ ಪೈಪು

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ಪಾತ್ರೆ ಅಂಗಡಿಯಲ್ಲಿ ತಾಮ್ರದ ಕೊಡ ನೋಡುತ್ತ ಕೂತಿದ್ದೆ, ತಂಗಿಯ ಮೊಮ್ಮಗಳ ಮದುವೆಗೆ ಕೊಡಲಿಕ್ಕೆ. ಅಂಗಡಿಯವನು ಒಂದು ಕೊಡವನ್ನು ಅಂಗೈಯ ಮೇಲೆ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಬಡಿದ. ಠಣ್ ಎಂದಿತು. ಆ ಸದ್ದು ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ ಎಲ್ಲಿಗೋ ಹೋಯಿತು... ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಪಾಪ, ಅವನಿಗೇನು ಗೊತ್ತು. "ಹೆಂಗೈತ್ರಿ ಅಮ್ಮಾ ಸದ್ದು?" ಎಂದು ಹಲ್ಲು ಕಿರಿದ.

ಈ ಸದ್ದಿಗೂ ನನಗೂ ಹಳೆಯ ಜಗಳವಿದೆ. ನಿಜಕ್ಕೂ ಅದು ನಮ್ಮ ಪಕ್ಕದ ಮನೆಯ ಅಕ್ಕೋರು ಆಡಬೇಕಾಗಿದ್ದ ಜಗಳ. ಅವರು ಆಡಲಿಲ್ಲವಾದ್ದರಿಂದ ನನ್ನ ಪಾಲಿಗೆ ಬಂದಿದೆ.

ನಾನು ಕುರುಗೋಡಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಅಕ್ಕೋರೂ ಆಚೆ ಮನೆಯ ಹೊಸ ಸೊಸೆಯೇ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು. ಓಣಿಯಲ್ಲಿ ಆ ಹೆಸರು ಪಡೆದವರು ಅವರೊಬ್ಬರೇ. ತವರು ಸಿರುಗುಪ್ಪ. ಅಲ್ಲಿನ ಕಾಲುವೆ ಏರಿಯ ಮೇಲೆ ತಮ್ಮನ ಸೈಕಲ್ ಕಸಿದುಕೊಂಡು ತುಳಿದು ಬೆಳೆದವರು. ಅವರಿಗೆ ನೌಕರಿ ಸಿಕ್ಕಿದ್ದು ಗುಡ್ಡದ ಆಚೆಗಿನ ಹಳ್ಳಿಯ ಶಾಲೆಯಲ್ಲಿ. ಬಸ್ಸಿರಲಿಲ್ಲ. ಗುಡ್ಡದ ಮಗ್ಗುಲಿನ ಕಲ್ಲುದಾರಿ ಇಳಿದರೆ ಎರೆಹೊಲ, ಬಂಡಿಗಾಲಿ ಕೊರೆದ ಜಾಡು. ನೌಕರಿಗೆ ಹೋಗಲು ಅವರ ಮಾವ ಒಪ್ಪಿದ್ದರು, ಆದರೆ ಒಂದು ಷರತ್ತಿನ ಮೇಲೆ.

"ದೀಪ ಹಚ್ಚೋ ಹೊತ್ತಿಗೆ ಸೊಸಿ ಮನ್ಯಾಗಿರಬೇಕು. ಒಂದಿನ ತಪ್ಪಿದ್ರೂ ನೌಕರಿ ಬಿಟ್ಟಂಗ."

ನಡೆದುಕೊಂಡು ಬಂದರೆ ಅದು ಆಗದ ಮಾತು. ಸೈಕಲ್ ಇದ್ದರೆ ನೌಕರಿ, ಇಲ್ಲದಿದ್ದರೆ ಇಲ್ಲ.

ಅವರ ಮಾವನ ಬಗ್ಗೆ ಇಲ್ಲಿ ಹೇಳಲೇಬೇಕು. ಓಣಿಯಲ್ಲಿ ಯಾರ ಮನೆಯ ಮದುವೆ ನಿಶ್ಚಯವಾದರೂ ಮುಹೂರ್ತ ಕೇಳುವ ಮೊದಲು ಅವರನ್ನು ಕೇಳುತ್ತಿದ್ದರು, ಪಾತ್ರೆ ತರಲಿಕ್ಕೆ ಬಳ್ಳಾರಿಗೆ ಯಾವತ್ತು ಬರುತ್ತೀರಿ ಎಂದು. ಬೆರಳಿನ ಉಂಗುರದಿಂದ ಕೊಡಕ್ಕೆ, ಹಂಡೆಗೆ ಒಂದು ಪೆಟ್ಟು ಕೊಟ್ಟು ಕಿವಿಯಾನಿಸಿದರೆಂದರೆ ಮುಗಿಯಿತು. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಡಕು ಇಲ್ಲವೇ ಕಲಬೆರಕೆ. ನನ್ನ ಮದುವೆಯ ಹಂಡೆಯನ್ನೂ ಅವರೇ ಬಡಿದು ಆರಿಸಿದ್ದರು. ಅದು ಇವತ್ತಿಗೂ ಸೋರಿಲ್ಲ, ಆ ಮಾತು ಬೇರೆ.

ಸೈಕಲ್ ತರಲು ಮಾವ, ಮಗ, ಸೊಸೆ ಬಳ್ಳಾರಿಗೆ ಹೊರಟಾಗ ಗಂಡಸರ ನಡುವೆ ಒಬ್ಬಳೇ ಹೆಣ್ಣುಮಗಳು ಬೇಡವೆಂದು ನನ್ನನ್ನೂ ಜೊತೆಗೆ ಹಾಕಿದರು. ಆಗ ಅನೇಕರು ಮೊದಲು ಫ್ರೇಮು ಆರಿಸುತ್ತಿದ್ದರು, ಆಮೇಲೆ ಅಂಗಡಿಯವನು ಗಾಲಿ, ಚೈನು, ಸೀಟು ಜೋಡಿಸಿ ಕೊಡುತ್ತಿದ್ದ. ಗೇರು ಗೀರು ಎಲ್ಲಿಯದು? ಏರಿಗೂ ಇಳಿಜಾರಿಗೂ ಒಂದೇ ಹಲ್ಲುಚಕ್ರ, ಉಳಿದದ್ದೆಲ್ಲ ತುಳಿಯುವವರ ಮೊಣಕಾಲಿನ ಪುಣ್ಯ. ಹಂಗಾಗಿ ಫ್ರೇಮೇ ಮುಖ್ಯ. ಹೆಂಗಸರದು ಎರಡು ಬಗೆ ಹಗ್ಗಕ್ಕೆ ತೂಗಿದ್ದವು. ಒಂದು ಗಟ್ಟಿ ಉಕ್ಕಿನದು, ದಪ್ಪ ಗೋಡೆಯ ಪೈಪು, ಹಸಿರು ಬಣ್ಣ, ಎತ್ತಿದರೆ ರಟ್ಟೆ ಇಳಿಯುವಷ್ಟು ಭಾರ. ಇನ್ನೊಂದು ತೆಳುವಾದ ತಗಡನ್ನು ಸುತ್ತಿ ಬೆಸೆದ ಪೈಪಿನದು. ಕೆಂಪು ಬಣ್ಣ, ಹಗುರ, ನೋಡಲಿಕ್ಕೆ ಚೆಂದ.

ಅಕ್ಕೋರು ಎರಡನ್ನೂ ಎತ್ತಿ ನೋಡಿ ಹಸಿರಿನ ಮೇಲೆ ಕೈಯಿಟ್ಟರು. "ಮಾವಾರ, ಇದು ಇರ್ಲಿರಿ. ಕಲ್ಲಿನ ದಾರಿ ಐತಿ. ಭಾರ ಆದ್ರ ತುಳಿತೀನಿ."

ಮಾವ ಉಂಗುರದಿಂದ ಹಸಿರು ಪೈಪಿಗೆ ಬಡಿದರು. ಡಬ್ ಎಂದಿತು. ಕೆಂಪಿಗೆ ಬಡಿದರು. ಠಣ್!

"ಕೇಳಿದ್ಯಾ? ಅದ್ರಾಗ ಒಳಗ ಸೀಳೈತಿ. ಇದು ನೋಡು, ಗಂಟಿ ಇದ್ದಂಗ."

ತೆಳು ಪೈಪು ಠಣ್ ಅನ್ನದೆ ಇನ್ನೇನು ಅಂದೀತು! ಅಂಗಡಿಯವನಿಗೆ ಅದು ಗೊತ್ತಿರಲಿಲ್ಲವೆಂದು ನನಗೆ ಯಾರೂ ಹೇಳಬೇಡಿ. ಆದರೆ ಆ ಕೆಂಪು ಫ್ರೇಮಿನ ಮೇಲೆ ಧೂಳು ಕೂತಿತ್ತು, ಮಾರಾಟವಾಗದೆ ಎಷ್ಟು ದಿನದಿಂದ ತೂಗಿತ್ತೋ ಏನೋ. "ಪೆದ್ದವಾರು ಹೇಳಿದ ಮ್ಯಾಲ ಆತಲ್ರಿ" ಎಂದು, ಹಿರಿಯರು ಎನ್ನಲಿಕ್ಕೆ ತೆಲುಗು ಬೆರೆಸಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅಕ್ಕೋರ ಗಂಡನೆನ್ನುವ ಪ್ರಾಣಿಯೂ ಅಲ್ಲೇ ನಿಂತಿತ್ತು, ರಸ್ತೆ ನೋಡುತ್ತ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ, ನಿಮಗೆ ಗೊತ್ತಿತ್ತಲ್ಲ, ಯಾಕೆ ಹಟ ಹಿಡಿಯಲಿಲ್ಲ ಎಂದು. ಅಕ್ಕೋರು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಹಟ ಹಿಡಿದಿದ್ರ ಸೈಕಲ್ಲೇ ಬ್ಯಾಡ ಅಂತಿದ್ರವ್ವ. ಠಣ್ ಅನ್ನೋದಾದ್ರೂ ಸಿಕ್ತಲ್ಲ."

ಆ ಮಾತಿಗೆ ನನಗೆ ಆವತ್ತು ಅವರ ಮೇಲೆಯೇ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಿತ್ತು ಎಂಬುದಕ್ಕೆ ಈಗಲೂ ಸಿಟ್ಟಿದೆ.

ಆದರೂ ಆ ದಿನಗಳು... ಬೆಳಿಗ್ಗೆ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಊಟದ ಡಬ್ಬಿಯನ್ನು ಹ್ಯಾಂಡಲಿಗೆ ತೂಗಿಹಾಕಿ ಹೊರಟರೆಂದರೆ ಅಕ್ಕೋರ ಬೆನ್ನೇ ಬೇರೆಯಾಗಿ ಕಾಣುತ್ತಿತ್ತು. ಸಂಜೆ ಬೆಲ್ಲಿನ ಸದ್ದು ಕೇಳಿದ ಮೇಲೆಯೇ ನಮ್ಮತ್ತೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಒಂದು ಮಳೆಗಾಲ ಹಾಗೆಯೇ ಕಳೆಯಿತು. ಒಂದು ದಿನವೂ ಅವರು ತಡಮಾಡಲಿಲ್ಲ.

ಮಳೆ ನಿಂತು ಎರೆ ಒಣಗಿ ಜಾಡು ಕಲ್ಲಿನಷ್ಟು ಗಟ್ಟಿಯಾದಾಗ ಫ್ರೇಮು ನರಳತೊಡಗಿತು. ಹ್ಯಾಂಡಲ್ ಕೂಡುವ ಕುತ್ತಿಗೆಯ ಹತ್ತಿರ ಬಣ್ಣ ಸಿಡಿದು ಕೂದಲಿನಷ್ಟು ಸಣ್ಣ ಗೆರೆ ಕಾಣಿಸಿತ್ತು. ಅಕ್ಕೋರು ಅದನ್ನು ಮಾವನಿಗೆ ತೋರಿಸಿದರು. ಅವರು ಏನು ಮಾಡಿದರು ಅಂದುಕೊಂಡಿರಿ? ಪೈಪಿನ ನಡುವೆ ಮತ್ತೆ ಉಂಗುರದಿಂದ ಬಡಿದರು! "ಸದ್ದು ಹಂಗ ಐತಲ್ಲ, ಏನಾಗಂಗಿಲ್ಲ ಹೋಗು" ಎಂದರು.

ಅದೇ ವಾರ ಗುಡ್ಡದ ಇಳಿಜಾರಿನಲ್ಲಿ ಫ್ರೇಮು ಕುತ್ತಿಗೆಯ ಹತ್ತಿರ ಮುರಿದು ಎರಡಾಯಿತು. ಅಕ್ಕೋರು ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದರು. ಮುರಿದ ಸೈಕಲ್ಲನ್ನು ಅರ್ಧ ಹೊತ್ತು, ಅರ್ಧ ಎಳೆದು ಅವರು ಓಣಿಗೆ ಬಂದಾಗ ಎಲ್ಲ ಮನೆಗಳಲ್ಲೂ ದೀಪ ಹತ್ತಿತ್ತು. ಗದ್ದದಿಂದ ಇಳಿದ ರಕ್ತ ಕುಪ್ಪಸದ ಮೇಲೆ ಒಣಗಿತ್ತು, ಎಡಗೈ ಜೋಲುತ್ತಿತ್ತು. ಕಟ್ಟೆಯ ಮೇಲಿದ್ದ ಮಾವ ಎದ್ದು ಬಂದು ಮೊದಲು ಸೈಕಲ್ಲು ನೋಡಿದರು, ಸೊಸೆಯನ್ನಲ್ಲ.

"ಗಂಟಿಯಂಥ ಫ್ರೇಮು ಮುರದಾಳಂದ್ರ ಹೆಂಗ ಓಡಿಸ್ಯಾಳ ನೋಡ್ರಿ. ಸಾಕು, ನಾಳಿಂದ ಬ್ಯಾಡ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನು ಡೊಂಕು ಮಾಡಿದವರೇ ಕುಣಿದವಳ ಕಾಲು ಸರಿಯಿಲ್ಲ ಅಂದರು. ನನಗೆ ತಡೆಯಲಾಗಲಿಲ್ಲ. "ಫ್ರೇಮು ಆರಿಸಿದೋರು ನೀವಲ್ರಿ ದೊಡ್ಡಪ್ಪಾರ! ಅವ್ರು ಹಸಿರುದು ಕೇಳಿದ್ರು, ನಾನಿದ್ದೆ ಅಲ್ಲಿ" ಎಂದು ಬಾಗಿಲಿನಿಂದಲೇ ಕೂಗಿದೆ. ನಮ್ಮತ್ತೆ ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಬಾಗಿಲ ಸಂದಿಯಿಂದ ನೋಡಿದೆ, ಅಕ್ಕೋರು ಮುರಿದ ಸೈಕಲ್ಲನ್ನು ಗೋಡೆಗೆ ಆನಿಸಿ ಒಳಗೆ ಹೋದರು.

ನೌಕರಿ ಹೋಯಿತು. ಕೈ ಕೂಡಿತು, ಗದ್ದದ ಮೇಲೆ ಗಾಯದ ಗುರುತು ಉಳಿಯಿತು. ಮುಂದಿನ ಮದುವೆ ಸುಗ್ಗಿಯಲ್ಲಿ ಜನ ಮತ್ತೆ ಅದೇ ಮಾವನನ್ನು ಬಳ್ಳಾರಿಗೆ ಕರೆದುಕೊಂಡು ಹೋದರು, ಪಾತ್ರೆ ಬಡಿಯಲು. ಒಬ್ಬರಿಗೂ ನಾಚಿಕೆಯಾಗಲಿಲ್ಲ.

ಇನ್ನೊಂದು ಮಾತು ಬರೆಯದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಕಮ್ಮಾರನ ಹತ್ತಿರ ಒಯ್ದು ಆ ಕೆಂಪು ಫ್ರೇಮಿನಿಂದ ಒಂದು ಮೊಳದ ಪೈಪು ಕತ್ತರಿಸಿ ತಂದು ಮಾವ ಸೊಸೆಯ ಕೈಗೆ ಕೊಟ್ಟರು. "ಹಗುರ ಐತಿ, ಒಲಿ ಊದಾಕ ಚಲೋ ಆಕ್ಕತಿ" ಎಂದರು. ಗುಡ್ಡ ದಾಟಿಸಬೇಕಾಗಿದ್ದ ಪೈಪು ಅಡಿಗೆಮನೆಯ ಊದುಗೊಳವೆಯಾಯಿತು. ಅಕ್ಕೋರು ಹತ್ತಿಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಅದನ್ನು ವರ್ಷಗಟ್ಟಲೆ ಊದಿದರು. ಒಮ್ಮೆ ನಾನು ಅದನ್ನು ಕಸಿದುಕೊಂಡು ಹಿತ್ತಲಿಗೆ ಎಸೆದೆ. ಅವರು ಹೋಗಿ ಎತ್ತಿ ತಂದು, ಒರೆಸಿ, ಮತ್ತೆ ಒಲೆಯ ಪಕ್ಕದಲ್ಲಿಟ್ಟರು. "ಇರ್ಲಿ ಬಿಡವ್ವ, ನಂದು ಅಂತ ಇರೋದು ಅದೊಂದ" ಎಂದರು...

ಅಕ್ಕೋರು ತೀರಿಕೊಂಡು ಕೆಲವು ವರ್ಷಗಳಾದವು. ಮಣ್ಣಿಗೆ ಹೋದ ದಿನ ನಾನು ಆ ಅಡಿಗೆಮನೆಗೆ ಹೋಗಿದ್ದೆ. ಗ್ಯಾಸು ಬಂದು ಎಷ್ಟೋ ಕಾಲವಾಗಿತ್ತು. ಊದುಗೊಳವೆ ಮೂಲೆಯಲ್ಲಿ ಹಾಗೆಯೇ ನಿಂತಿತ್ತು. ಬಾಯಿಡುವ ತುದಿಯಲ್ಲಿ ಬಣ್ಣ ಪೂರ್ತಿ ಹೋಗಿತ್ತು, ನಡುವೆ ಇನ್ನೂ ಸ್ವಲ್ಪ ಕೆಂಪು ಇತ್ತು.

"ಅಮ್ಮಾ, ಇನ್ನೊಂದ್ಸಲ ಬಡಿದು ತೋರಸ್ಲೇನ್ರಿ?" ಅಂಗಡಿಯವನು ಕೊಡ ಹಿಡಿದುಕೊಂಡು ಇನ್ನೂ ಕಾಯುತ್ತಿದ್ದ.

"ಬಡಿಯಪ್ಪ, ಬಡಿ" ಎಂದೆ. "ಕೊಡ ಮನ್ಯಾಗ ಕುಂದ್ರೋದು ತಾನ, ಗುಡ್ಡ ಏನು ದಾಟಬೇಕಿಲ್ಲ. ಸದ್ದು ಚಲೋ ಇದ್ರ ಸಾಕು."

ಅವನು ನಕ್ಕು ಬಡಿದ. ಅಕ್ಕೋರಿದ್ದಿದ್ದರೆ ಅವರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ.