ದಸ್ತಗೀರ್ ಚಾಚಾ ಬರೆಯದ ಏಳು

ಅಕ್ಕೋರೆ, ನಿಮ್ಮ ಫಿಯಾಟ್ ಕಾರಿಗಿದ್ದ ಆ ನಂಬರ್ ಪ್ಲೇಟು ದಸ್ತಗೀರ್ ಚಾಚಾ ಬರೆದದ್ದಲ್ಲ. ನಾನು ಬರೆದದ್ದು. ಹೊಸ ತಗಡಿಗೆ ಕರಿ ಬಣ್ಣ ಬಳಿದವನು ನಾನು, ಬಿಳಿ ಅಂಕಿ ಇಟ್ಟವನು ನಾನು, ನಲವತ್ತು ವರ್ಷದ ಹಳೆಯದು ಅನ್ನಿಸಲಿ ಎಂದು ಹುಣಸೆಹಣ್ಣಿನ ನೀರು ಸವರಿ ಬಿಸಿಲಿಗೆ ಒಣಗಿಸಿದವನೂ ನಾನೇ. ಮೂರು ವರ್ಷ ಇದರ ಬಗ್ಗೆ ಬಾಯಿಬಿಡಲಿಲ್ಲ.

ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ನೀವು ಗರಗದಿಂದ ಹುಬ್ಬಳ್ಳಿಗೆ ಬಂದು ನಮ್ಮ ಅಂಗಡಿ ಮುಂದೆ ಕಾರು ನಿಲ್ಲಿಸಿದ ದಿನ, ಚಾಚಾನ ಪಕ್ಕದ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಬ್ರಷ್ ತೊಳೆಯುತ್ತಿದ್ದವನು — ಈರಣ್ಣ — ನಾನೇ. ಇಪ್ಪತ್ತು ವರ್ಷದ ಹುಡುಗನಾಗಿ ಚಾಚಾನ ಹತ್ತಿರ ಅಂಕಿ ತಿದ್ದಲು ಕೂತವನು, ಮೂವತ್ತು ವರ್ಷ ಅಲ್ಲೇ ಕೂತುಬಿಟ್ಟೆ.

ನಮ್ಮ ಕಸುಬಿನವನು ಸಂಶಯದ ಪ್ರಾಣಿಯಾಗಿರಬೇಕು, ಅಕ್ಕೋರೆ. ಜೋಡಿ ಬಿಟ್ಟು ಒಂದೇ ಪ್ಲೇಟು ಕೇಳಿದರೆ ಸಂಶಯ. ಅವಸರ ಮಾಡಿದರೆ ಸಂಶಯ. ಗಾಡಿ ಬೇರೆ ಕಡೆ ನಿಂತಿದೆ, ನೀ ನಂಬರು ಬರಿ ಸಾಕು ಅಂದರಂತೂ ಎದ್ದು ಕೈಮುಗಿದುಬಿಡಬೇಕು. ಚಾಚಾ ನನಗೆ ಕಲಿಸಿದ ಮೊದಲ ಪಾಠ ಅಂಕಿಯದಲ್ಲ. "ಗಾಡಿ ಕಣ್ಣಿಲೆ ನೋಡದ ನಂಬರ ಬರೀಬ್ಯಾಡೋ ಈರ್ಯಾ. ಬರದವಗ ಏನು ಗೊತ್ತು ಅಂತ ಯಾರೂ ಬಿಡೂದಿಲ್ಲ" ಅಂದಿದ್ದರು. ಆ ಪಾಠ ನನಗೆ ಚೆನ್ನಾಗಿ ಬರುತ್ತಿತ್ತು. ಬಂದಾತನ ಚಪ್ಪಲಿ ನೋಡಿಯೇ ಅವನು ಸುಳ್ಳನೋ ಖರೆಯವನೋ ಹೇಳುತ್ತಿದ್ದೆ. ನನ್ನ ಮೇಲೊಂದು ಬಿಟ್ಟು ಜಗತ್ತಿನ ಮೇಲೆಲ್ಲ ಸಂಶಯ ನನಗೆ.

ಸರಕಾರದ ಅಚ್ಚಿನ ಪ್ಲೇಟುಗಳು ಬಂದ ಮೇಲೆ ಕೈಬರಹ ಯಾರಿಗೂ ಬೇಡವಾಯಿತು. ಉಳಿದವರು ಹಳೆಯ ಕಾರಿನ ಹುಚ್ಚಿನವರು ಮಾತ್ರ. ಪ್ರದರ್ಶನಕ್ಕೆ, ಮದುವೆಯ ಫೋಟೋಕ್ಕೆ ಅಂತ ಕರಿ ತಗಡಿನ ಮೇಲೆ ಬಿಳಿ ಅಂಕಿ ಬರೆಸುತ್ತಿದ್ದರು. ಅವರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಚಾಚಾನ ಏಳನ್ನು. ಏಳರ ಕಾಲನ್ನು ಅವರು ಕೆಳಗೆ ಬರುತ್ತ ಹಿಮ್ಮಡಿಯ ಹತ್ತಿರ ತುಸು ಬಾಗಿಸುತ್ತಿದ್ದರು, ಹೊರಟುನಿಂತವನು ಒಂದು ಹೆಜ್ಜೆ ಎತ್ತಿದ ಹಾಗೆ. ನಾನು ಬರೆದರೆ ಅದು ಕಂಬ. "ನಿನ್ನ ಏಳು ನಿಂತಬಿಡ್ತದಲ್ಲೋ, ನಡ್ಯೂದ ಇಲ್ಲ" ಅಂತ ಗಿರಾಕಿಗಳ ಎದುರಿಗೇ ನಗುತ್ತಿದ್ದರು. ಅವರಿಗದು ಚೇಷ್ಟೆ. ನಾನೂ ನಗುತ್ತಿದ್ದೆ, ಆದರೆ ಒಳಗೆ ಸಿಟ್ಟು ಕುದಿಯುತ್ತಿತ್ತು. ಮೂವತ್ತು ವರ್ಷ ಒಂದೇ ಮಾತು ಕೇಳಿ ನೋಡಿ, ಗೊತ್ತಾಗುತ್ತದೆ.

ರಾಯಾಪುರದ ಕಡೆ ಷೆಡ್ಡು ಹಾಕಿಕೊಂಡು ಹಳೆಯ ಕಾರು ಮಾರುತ್ತಿದ್ದವನೊಬ್ಬ ಬಂದ. ಕೈಯಲ್ಲಿ ಒಂದು ಫೋಟೋ — ನಿಮ್ಮ ಅಪ್ಪಾರು ಫಿಯಾಟಿನ ಬಾನೆಟ್ಟಿಗೆ ಒರಗಿ ನಿಂತದ್ದು, ಪಕ್ಕದಲ್ಲಿ ಎರಡು ಜಡೆಯ ನೀವು. ಅಪ್ಪಾರು ಮಾರಿದ ಆ ಕಾರನ್ನು ಹುಡುಕಿಕೊಡಿ ಅಂತ ನೀವೇ ಎಲ್ಲರಿಗೂ ಹಂಚಿದ ಫೋಟೋ. ಅದು ನನಗೆ ಆಮೇಲೆ ಗೊತ್ತಾಯಿತು. ಫೋಟೋದಲ್ಲಿದ್ದ ಪ್ಲೇಟು ಚಾಚಾ ಹರೆಯದಲ್ಲಿ ಬರೆದದ್ದು. ಅಂಥದೇ ಒಂದು ಬರೆದುಕೊಡಿ ಅಂದ.

"ಗಾಡಿ ತೋರಸ್ರಿ, ಬರೀತೇನಿ" ಅಂದರು ಚಾಚಾ, ಫೋಟೋದ ಕಡೆ ಕಣ್ಣು ಕೂಡ ಹಾಕದೆ.

ಗಾಡಿ ಬರಲಿಲ್ಲ. ಅವನು ಮಾತ್ರ ಮರುದಿನ ಚಹಾದಂಗಡಿಯಲ್ಲಿ ನನ್ನ ಬಾಜೂಕೆ ಬಂದು ಕೂತ. "ಆ ಮುದುಕನ ಏಳು ನಿಮಗ ಬರ್ತೈತೇನ್ರೀ? ಬರೂದಿಲ್ಲ ಅಂತಾರಲ್ಲ ಮಂದಿ" ಅಂದ.

ಸಂಶಯ ಬರಲಿಲ್ಲ ಅಂತ ಹೇಳಲಾರೆ. ಬಂದಿತ್ತು, ಅಕ್ಕೋರೆ — ಕಣ್ಣಿಗೆ ಹೊಡೆಯುವಷ್ಟು ಬಂದಿತ್ತು. ಅವನ ನಗು ನೋಡಿಯೇ ಇದು ಸರಿಯಿಲ್ಲ ಅಂತ ಅನ್ನಿಸಿತ್ತು. ಆದರೂ ಫೋಟೋ ಇಸಿದುಕೊಂಡೆ. ಮನೆಯ ಹಿತ್ತಲಿನಲ್ಲಿ ಕೂತು ಬರೆದೆ, ಅಳಿಸಿದೆ, ಬರೆದೆ. ಮೂರನೆಯ ದಿನ — ಏಳು ನಡೆಯಿತು. ಆಹಾ, ಆ ಖುಷಿ! ಸುಳ್ಳು ಯಾಕೆ ಹೇಳಲಿ, ಮದುವೆಯ ದಿನ ಕೂಡ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ವಾರ ಬಿಟ್ಟು ನೀವು ಬಂದಿರಿ. ನೀವೂ ಸಂಶಯದವರೇ, ಸಾಲಿ ಕಲಿಸಿದವರಲ್ಲವೇ. ಮಾರುವವನ ಮಾತು ನಂಬದೆ, ಅವನು ಬೇಡ ಬೇಡ ಅಂದರೂ ಕಾರನ್ನು ನಮ್ಮ ಅಂಗಡಿಗೇ ತರಿಸಿದಿರಿ. ಅವನು ಜೊತೆಗೆ ಬರಲಿಲ್ಲ, ಹಾಗಾಗಿ ವಾರದ ಹಿಂದೆ ಬಂದಿದ್ದವನ ನೆನಪು ಚಾಚಾನಿಗೆ ಆಗಲಿಲ್ಲ. "ಈ ಕೈ ನಿಮ್ಮದೇನ್ರಿ? ನೀವು ಹೌದಂದ್ರ ನಾ ತಗೋತೇನಿ" ಅಂದಿರಿ ಚಾಚಾನಿಗೆ. ಚಾಚಾ ಮೊಣಕಾಲೂರಿ ಕೂತರು. ಹೆಬ್ಬೆರಳಿನಿಂದ ಏಳರ ಕಾಲನ್ನು ಸವರಿದರು. ಊರು ಬಿಟ್ಟು ಹೋದ ಮಗ ತಿರುಗಿ ಬಂದವರ ಹಾಗೆ ಅವರ ಮುಖ ಅರಳಿತು.

"ನಂದರೀ ಅಕ್ಕೋರ. ಈ ಏಳು ಬ್ಯಾರೆ ಯಾರಿಗೂ ಬರೂದಿಲ್ಲ."

ಆಗ ನಾನು ಒಂದು ಮಾತು — ಒಂದೇ ಒಂದು ಮಾತು... ಬಾಯಿ ಬಿಟ್ಟರೆ ಬಣ್ಣಗೇಡು. ಬ್ರಷ್ ತೊಳೆಯುತ್ತ ಕೂತೆ. ಬರೀ ಅಂಜಿಕೆಯಿಂದ ಅಲ್ಲ. ನನ್ನ ಏಳನ್ನು ಚಾಚಾ ತಮ್ಮದು ಅಂದರಲ್ಲ, ಗೆದ್ದೆ ಅನ್ನಿಸಿತು. ಅದನ್ನೂ ನೀವು ತಿಳಿದಿರಬೇಕು.

ಮುಂದಿನದು ನಿಮಗೆ ಗೊತ್ತೇ ಇದೆ. ಕಾರನ್ನು ನಿಮ್ಮ ಹೆಸರಿಗೆ ಮಾಡಿಸಲು ಹೋದಾಗ ಕಾರಿನ ಮೈಮೇಲೆ ಕೊರೆದ ಚಾಸಿ ನಂಬರು ದಾಖಲೆಗೆ ತಾಳೆಯಾಗಲಿಲ್ಲ. ನಿಮ್ಮ ಅಪ್ಪಾರ ಕಾರು ಎಂದೋ ಗುಜರಿಗೆ ಹೋಗಿತ್ತು, ಇದು ಯಾವುದೋ ಬೇರೆ ಫಿಯಾಟು. ಪ್ಲೇಟು ಕೆರೆದರೆ ಒಳಗೆ ಹೊಳೆಯುವ ಹೊಸ ತಗಡು. ರಾಯಾಪುರದ ಷೆಡ್ಡಿಗೆ ಬೀಗ. ಆತ ಪರಾರಿ. ಸಿಕ್ಕವರು ಚಾಚಾ ಒಬ್ಬರೇ, ಯಾಕೆಂದರೆ "ನಂದು" ಅಂದವರು ಅವರು.

"ನಿಮ್ಮ ಮಾತು ನಂಬಿ ತಗೊಂಡ್ನಲ್ರೀ! ಈ ವಯಸ್ಸಿನ್ಯಾಗ ಕಳ್ಳರ ಸಂಗತೀ ಸೇರಿದ್ರೇನು?" ಎಂದು ನೀವು ಬೀದಿಯಲ್ಲಿ ನಿಂತು ಅತ್ತುಕೊಂಡು ಬೈದಿರಿ. ನಿಮ್ಮದು ತಪ್ಪಿಲ್ಲ. ಠಾಣೆಗೆ ಕರೆಸಿ ಎರಡು ದಿನ ಕೂರಿಸಿಕೊಂಡರು. ಕೇಸು ನಿಲ್ಲಲಿಲ್ಲ, ಆದರೆ ಮಂದಿಯ ಬಾಯಿ ನಿಲ್ಲಬೇಕಲ್ಲ. ಚಾಚಾ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು — "ಕೈ ನಂದ ಐತ್ರಿ. ಬರದದ್ದು ನೆನಪಿಲ್ಲ." ಛಲೋ ಮರೆವು ಐತಿ ಬಿಡಪಾ ಅಂತ ಜನ ನಕ್ಕರು.

ನಾನು ಕಾಯುತ್ತಿದ್ದೆ. ಇವತ್ತು ನನ್ನ ಕಡೆ ಬೆರಳು ಮಾಡುತ್ತಾರೆ, ನಾಳೆ ಮಾಡುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಹಾಗಾಗಿತ್ತು ನನ್ನ ಬಾಳು. ಚಾಚಾ ಕೆಮ್ಮಿದರೆ ಗೊತ್ತಾಗಿದೆ ಅನ್ನಿಸುತ್ತಿತ್ತು. ಸುಮ್ಮನಿದ್ದರೆ, ಗೊತ್ತಾಗಿದ್ದಕ್ಕೇ ಸುಮ್ಮನಿದ್ದಾರೆ ಅನ್ನಿಸುತ್ತಿತ್ತು. ಪೇದೆಯೊಬ್ಬ ಅಂಗಡಿ ಮುಂದೆ ಬೀಡಿ ಹಚ್ಚಲು ನಿಂತರೂ ನನ್ನನ್ನು ನೋಡಲಿಕ್ಕೇ ನಿಂತ ಅಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಚಾಚಾ ನನ್ನನ್ನೇ ನೋಡುತ್ತ ಕೂತರು. "ಈರ್ಯಾ, ಖರೇ ಹೇಳು" ಅಂದರು. ಸಿಕ್ಕೆ ಅಂದುಕೊಂಡೆ.

"ಆ ಪ್ಲೇಟು ನಾನ ಬರದಿದ್ನೇನೋ? ನೀ ಬಾಜೂಕ ಇರ್ತಿದ್ದಿ. ನೋಡಿದ್ದೇನು?"

ಅವರು ನನ್ನ ಮೇಲೆ ಸಂಶಯಪಟ್ಟಿರಲಿಲ್ಲ, ಅಕ್ಕೋರೆ. ನನ್ನ ಏಳು ನಡೆಯುವುದಿಲ್ಲ ಎಂದು ಅವರಿಗೆ ಅಷ್ಟು ಖಾತ್ರಿ. ಸಂಶಯಪಟ್ಟದ್ದು ತಮ್ಮ ಮೇಲೆಯೇ. ಆಗ ನಾನು ಅಂದದ್ದು, "ಇರಬಹುದು ಚಾಚಾ."

ಪ್ಲೇಟು ಬರೆದದ್ದು ಸೊಕ್ಕು. ನಿಮ್ಮೆದುರು ಸುಮ್ಮನಿದ್ದದ್ದು ಅಂಜಿಕೆ. ಆದರೆ ಆ 'ಇರಬಹುದು' — ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಮರುದಿನದಿಂದ ಚಾಚಾ ಅಂಗಡಿಗೆ ಬರಲಿಲ್ಲ. ಬ್ರಷ್‌ಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಮೊದಲು ಅವರಿಗೆ ಇಪ್ಪತ್ತು ವರ್ಷದ ಹಿಂದಿನ ಗಿರಾಕಿಯ ನಂಬರೂ ಬಾಯಿಪಾಠವಿತ್ತು. ಈಗ ಉಂಡ ಮೇಲೆ ಸೊಸೆ ನೂರಜಹಾನಳನ್ನು "ನಾ ಉಂಡೇನೇನವಾ?" ಅಂತ ಕೇಳುತ್ತಾರೆ. ಬಾಗಿಲ ಚಿಲಕ ಹಾಕಿ ಮೂರು ಸಲ ತಿರುಗಿ ನೋಡುತ್ತಾರೆ. ನಮಾಜು ಮುಗಿಸಿ, ಪೂರಾ ಮಾಡಿದೆನೋ ಇಲ್ಲವೋ ಅಂತ ಮತ್ತೆ ನಿಲ್ಲುತ್ತಾರೆ. ನೆನಪು ಹೋಗಿದ್ದಲ್ಲ ಅದು. ನೆನಪಿನ ಮೇಲಿನ ನಂಬಿಕೆ ಹೋದದ್ದು. ಅದನ್ನು ಕಿತ್ತವನು ನಾನು.

ಹೋದ ತಿಂಗಳು ಹೋಗಿ ಅವರ ಕಾಲು ಹಿಡಿದು ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ನನ್ನ ತಲೆ ಸವರಿದರು. "ನನ್ನ ಸಮಾಧಾನಕ್ಕ ನಿನ್ನ ಮ್ಯಾಲೆ ಹಾಕ್ಕೊಳಾಕತ್ತೀ. ಹುಚ್ಚ. ನಿನ್ನ ಕೈಲೆ ಆಗೂ ಕೆಲಸ ಅಲ್ಲೋ ಅದು" ಅಂದರು. ಸಿಟ್ಟು ಬಂತು — ಅವರ ಮೇಲಲ್ಲ, ನನ್ನ ಮೇಲೆ.

ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟೆ. ಅದರ ಒಂದು ಪ್ರತಿ ಈ ಕಾಗದದ ಜೊತೆಗಿದೆ. ಆಮೇಲೆ, ಕಣ್ಣಿಲೆ ನೋಡಿದರಾದರೂ ನಂಬಿಯಾರು ಅಂತ, ಅದೇ ನಂಬರನ್ನು ಒಂದು ತಗಡಿನ ಮೇಲೆ ಬರೆದು, ಹಸಿ ಇರುವಾಗಲೇ ಅವರ ಮನೆಗೆ ಒಯ್ದೆ. ಚಾಚಾ ತೊಡೆಯ ಮೇಲಿಟ್ಟುಕೊಂಡು ಏಳರ ಕಾಲು ಸವರಿದರು. ಹೆಬ್ಬೆರಳಿಗೆ ಬಿಳಿ ಬಣ್ಣ ಹತ್ತಿತು. ಬಣ್ಣ ನೋಡಿದರು, ಪ್ಲೇಟು ನೋಡಿದರು. ಮುಖ ಕಪ್ಪಿಟ್ಟಿತು.

"ನೂರಜಹಾನ, ಇಲ್ಲಿ ಬಾರವಾ" ಎಂದು ಕೂಗಿದರು. "ನೋಡಿಲ್ಲಿ, ಇವತ್ತ ಬರದೇನಿ. ಇದನ್ನೂ ಮರತೇನಿ."

ಅಕ್ಕೋರೆ, ನನ್ನನ್ನು ಕ್ಷಮಿಸಿ ಅಂತ ಕೇಳುವುದಿಲ್ಲ. ಅವರ ಮನೆಗೆ ಒಮ್ಮೆ ಬನ್ನಿ. ನಾನು ಹೇಳಿದರೆ ಅವರಿಗದು ಕರುಣೆ. ಬೈದವರೇ ಬಂದು ಹೇಳಿದರೆ ಖರೆ ಅನ್ನಿಸೀತು. ನೀವು ಬಂದರೂ ಬರದಿದ್ದರೂ ನಾನಂತೂ ದಿನಾ ಮಧ್ಯಾಹ್ನ ಹೋಗುತ್ತೇನೆ. ಎದುರಿಗೆ ಕೂತು, ನೀವು ಬರೆದದ್ದಲ್ಲ ಚಾಚಾ, ನಾನು ಬರೆದದ್ದು ಅನ್ನುತ್ತೇನೆ. ಅವರು ನಂಬುವುದಿಲ್ಲ. ಇವನಿಗೆ ಚಹಾ ಕೊಡವಾ ಅಂತ ಸೊಸೆಗೆ ಹೇಳುತ್ತಾರೆ. ಆ ಚಹಾ ಕುಡಿದು ಎದ್ದು ಬರುತ್ತೇನೆ.