ಬಸ್ ಸ್ಟಾಪಿನಲ್ಲಿ ಬಿಸಿ ಈರುಳ್ಳಿ ಪಕೋಡ

ಗೆಳೆಯರೇ, ಮದುವೆಯಾಗಿ ಮೂರು ವರ್ಷವಾಯಿತು. ಯಜಮಾನರು ಶಿಫ್ಟ್ ಮುಗಿಸಿ ಹೆಬ್ಬಗೋಡಿ ಸ್ಟಾಪಿನಲ್ಲಿ ಇಳಿಯುವ ಹೊತ್ತಿಗೆ ನಾನು ಬೊಮ್ಮಸಂದ್ರದ ಬಸ್ಸು ಹತ್ತುತ್ತೇನೆ. ವಾರದ ರಜೆಯೂ ಬೇರೆ ಬೇರೆ ದಿನ. ನಾನು ಕರಿದಿಟ್ಟ ಈರುಳ್ಳಿ ಪಕೋಡವನ್ನು ಅವರು ತಿಂದಿರುವುದು ಮುಚ್ಚಿದ ಡಬ್ಬಿಯಿಂದ ಮಾತ್ರ. "ಮೆತ್ತಗಿತ್ತು ಕಣೇ" ಎನ್ನುವುದು ಮಾಮೂಲು.

ಇಂದು ಹಟ ಹಿಡಿದು, ಹೊರಡುವ ಗಳಿಗೆಯಲ್ಲಿ ಕರಿದು, ಪೇಪರಿನಲ್ಲಿ ಕಟ್ಟಿಕೊಂಡು ಸ್ಟಾಪಿಗೆ ಓಡಿದೆ. ಬಸ್ಸಿಳಿದ ಯಜಮಾನರ ಕೈಗಿಟ್ಟೆ. ಅವರು ಕಚ್ಚಿದಾಗ ಕರುಂ ಎಂದ ಸದ್ದು ನನಗೂ ಕೇಳಿಸಿತು.

"ಸಕ್ಕತ್ತಾಗಿದೆ ಕಣೇ. ಯಾವ ಅಂಗಡೀದು?"

ಉತ್ತರ ಹೇಳುವಷ್ಟರಲ್ಲಿ ನನ್ನ ಬಸ್ಸು ಬಂತು.

ಟೀ ಬ್ರೇಕಿನಲ್ಲಿ ನೋಡಿದರೆ ಅವರ ಮೆಸೇಜು: "ಅಂಗಡಿ ಎಲ್ಲಿದೆ ಹೇಳು. ಇಬ್ರಿಗೂ ಒಂದೇ ದಿನ ರಜ ಸಿಕ್ಕಾಗ ಒಟ್ಟಿಗೆ ಹೋಗಿ ತಿನ್ನೋಣ."

ಆ ಅಂಗಡಿಯ ಬೀಗದ ಕೈ ಅವರ ಜೇಬಿನಲ್ಲೇ ಇದೆ.